ಉಕ್ಕಿನ ಅಂಗಿ ತೊಟ್ಟ ಕನಸು

ವಸಂತನಗರದ ಬೆಂಗಳೂರು ಅರಮನೆಯನ್ನು ನೀವು ಹೊರಗಿನಿಂದಲಾದರೂ ನೋಡಿರುತ್ತೀರಿ. ಬುರುಜುಗಳ ನೆತ್ತಿಯ ಮೇಲೆ ಹಲ್ಲಿನ ಸಾಲಿನಂತೆ ತೆನೆಗಳಿವೆ. ಕೋಟೆಗಳಲ್ಲಿ ಬಿಲ್ಲುಗಾರ ಮರೆಯಾಗಿ ನಿಲ್ಲಲೆಂದು ಕಟ್ಟುತ್ತಿದ್ದವು ಅವು. ಆದರೆ ಈ ಅರಮನೆ 19ನೇ ಶತಮಾನದ್ದು. 1864ರಲ್ಲಿ ನಮ್ಮ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ರೈಲೇ ಬಂದಿತ್ತು. ಬಾಣ ಬಿಡುವವರು ಯಾರು, ಯಾರ ಮೇಲೆ?

ಇಂಗ್ಲೆಂಡಿನ ವಿಕ್ಟೋರಿಯಾ ಕಾಲದ ನೈಟ್ ಚಿತ್ರಗಳನ್ನು ನೋಡುವಾಗಲೂ ಇದೇ ಪ್ರಶ್ನೆ ಜೊತೆಗಿರಲಿ. ನೈಟ್ ಎಂದರೆ ಮೈತುಂಬ ಕವಚ ತೊಟ್ಟು, ಒಡೆಯನಿಗೆ ಆಣೆಯಿಟ್ಟು ಕಾದುವ ಕುದುರೆ ಸವಾರ. ಅವನ ಕಾಲ ಮುಗಿದು ಶತಮಾನಗಳೇ ಆಗಿದ್ದವು. ಊರ ತುಂಬ ಗಿರಣಿ ಹೊಗೆ. ಆಗ ಸ್ಕಾಟನ ಕಾದಂಬರಿ ‘ಐವನ್‌ಹೋ’, ಕವಿ ಟೆನಿಸನ್ ಹಾಡಿದ ಆರ್ಥರ್ ರಾಜನ ಕಥೆಗಳನ್ನು ಓದಿ ಬೆಳೆದವರು ಅವನನ್ನು ಮತ್ತೆ ಕುದುರೆ ಹತ್ತಿಸಿದರು.

ಎಡ್ಮಂಡ್ ಬ್ಲೇರ್ ಲೇಟನ್‌ನ ‘ಗಾಡ್ ಸ್ಪೀಡ್’ (1900) ನೋಡಿ. ಕೋಟೆಯ ಮೆಟ್ಟಿಲ ಮೇಲೆ ನಿಂತ ಹೆಣ್ಣು ಯುದ್ಧಕ್ಕೆ ಹೊರಟವನ ತೋಳಿಗೆ ಕೆಂಪು ವಸ್ತ್ರ ಕಟ್ಟುತ್ತಿದ್ದಾಳೆ. “ರಾಖಿನಾ ಮಿಸ್?” ಎಂದಳು ನನ್ನ ಹಲಸೂರಿನ ವಿದ್ಯಾರ್ಥಿನಿ. ಅಣ್ಣನಲ್ಲಮ್ಮ, ನಲ್ಲ! ಕವಚದ ಹೊಳಪು ನೋಡಿ: ಒಂದು ಗೀರಿಲ್ಲ, ಕೆಸರಿಲ್ಲ.

ನನಗೆ ಹೆಚ್ಚು ಕುತೂಹಲ ಅದೇ ಕಾಲದ ಚಿತ್ರಕಾರ ಮಿಲೇಯ ‘ನೈಟ್ ಎರಂಟ್’ (1870) ಬಗ್ಗೆ. ದರೋಡೆಕೋರರು ಮರಕ್ಕೆ ಕಟ್ಟಿಹೋದ ಬೆತ್ತಲೆ ಹೆಣ್ಣಿನ ಹಗ್ಗವನ್ನು ನೈಟ್ ಕತ್ತಿಯಿಂದ ಕೊಯ್ಯುತ್ತಿದ್ದಾನೆ. ಮೊದಲು ಬರೆದಾಗ ಅವಳ ಮುಖ ಅವನ ಕಡೆಗಿತ್ತು. ಅದು ಜನಕ್ಕೆ ಹಿಡಿಸಲಿಲ್ಲ. ಮಿಲೇ ತಲೆ, ಎದೆಯ ಭಾಗವನ್ನು ಕ್ಯಾನ್ವಾಸಿನಿಂದಲೇ ಕತ್ತರಿಸಿ ತೆಗೆದು, ಬೇರೆ ತುಂಡು ಜೋಡಿಸಿ, ಮುಖವನ್ನು ಆಚೆ ತಿರುಗಿಸಿ ಬರೆದ. ಕತ್ತರಿಸಿದ ತುಂಡಿಗೆ ಬಟ್ಟೆ ತೊಡಿಸಿ, ಅದನ್ನು ‘ಸಾಲ್ವೇಯ ಹುತಾತ್ಮೆ’ ಎಂಬ ಬೇರೆಯೇ ಚಿತ್ರ ಮಾಡಿದ. ಕಾಪಾಡಿದ್ದು ಯಾರ ಮಾನವನ್ನೋ, ನೀವೇ ಹೇಳಿ.

ಈ ಚಿತ್ರಗಳ ಪಕ್ಕದಲ್ಲಿ ನಮ್ಮದೇ ಊರಿನ ಒಬ್ಬ ಯೋಧನನ್ನಿಟ್ಟು ನೋಡಿ: ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರಿದ ಬೇಗೂರಿನ ವೀರಗಲ್ಲು. ಸಾವಿರ ವರ್ಷಕ್ಕೂ ಹಳೆಯದು. ಗಂಗರ ಪರವಾಗಿ ವೀರಮಹೇಂದ್ರನ ಮೇಲೆ ಕಾದಿದ ನಾಗತ್ತರ ಆನೆಯೊಡನೆ ಹೋರಾಡಿ ಬಿದ್ದ ಎನ್ನುತ್ತದೆ ಅದರ ಶಾಸನ. ಆನೆ, ಕುದುರೆ, ಕಾಲಾಳು ಎಲ್ಲ ಒಂದರ ಮೇಲೊಂದು ನುಗ್ಗಿವೆ; ಕಣ್ಣಿಗೆ ಜಾಗವೇ ಸಿಗುವುದಿಲ್ಲ. ಹಾಗೆ ಬಿದ್ದವನ ಮನೆಯವರಿಗೆ ಕೊಡುವ ಭೂಮಿಗೆ ನಮ್ಮಲ್ಲಿ ‘ನೆತ್ತರುಗೊಡಗೆ’ ಎಂಬ ಹೆಸರೇ ಇತ್ತು. ಬೇಗೂರಿನದು ಸಾವು ಕಂಡ ಊರು ನಿಲ್ಲಿಸಿದ ಕಲ್ಲು. ಲೇಟನ್‌ಗೆ ಮಾತ್ರ ಒಬ್ಬ ಮಾಡೆಲ್ಲೂ ಒಂದು ಕವಚವೂ ಸಾಕಾಗುತ್ತಿದ್ದವು.