ಸಂಶೋಧನೆಯನ್ನು ವೃತ್ತಿಯಾಗಿ ಹಿಡಿಯುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಸೋಮನಾಥಪುರ, ಬನ್ನೂರು, ತಿ. ನರಸೀಪುರ, ನಂಜನಗೂಡು ಕಡೆಯಿಂದ ಪಿಎಚ್‌.ಡಿ.ಗೆಂದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಹೋಗುವ ಹಲವರಿಗೆ ಈ ವೃತ್ತಿಯ ರೀತಿನೀತಿ ಹೇಳಿಕೊಡುವವರು ಮನೆಯಲ್ಲಿ ಇರುವುದಿಲ್ಲ. ಈ ಸೂಚನೆ ಅವರಿಗಾಗಿ. ಭೌತವಿಜ್ಞಾನವಿರಲಿ, ಪುರಾತತ್ತ್ವವಿರಲಿ, ಮೂಲ ನಿಯಮ ಒಂದೇ: ನಿಮ್ಮ ಕೆಲಸವನ್ನು ಇನ್ನೊಬ್ಬರು ಪರಿಶೀಲಿಸಿ ನೋಡುವಂತಿರಬೇಕು.

ಮಾಡಬೇಕಾದ್ದು

1. ದಾಖಲೆ ಪುಸ್ತಕವನ್ನು ಅಂದಂದೇ ಬರೆಯಿರಿ. ದಿನಾಂಕ, ಜಾಗ, ಅಳತೆ, ಉಪಕರಣ, ಜೊತೆಗಿದ್ದವರ ಹೆಸರು ಎಲ್ಲವೂ ಇರಲಿ. ಪೆನ್ನಿನಲ್ಲೇ ಬರೆಯಿರಿ. ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದನ್ನು ಬರೆದು ಸಹಿ ಹಾಕಿ. ಕ್ಷೇತ್ರದಲ್ಲಿ ಫೋಟೊ ತೆಗೆಯುವಾಗ ವಸ್ತುವಿನ ಪಕ್ಕ ಅಳತೆಪಟ್ಟಿ ಇಡಿ. ಎಲ್ಲದರ ಪ್ರತಿಗಳನ್ನು ಬೇರೆಬೇರೆ ಕಡೆ ಕಾಪಾಡಿ.

2. ಕಂಡುಕೊಂಡದ್ದನ್ನು ಪ್ರಕಟಿಸಿ. ತಿ. ನರಸೀಪುರದಲ್ಲಿ ಎಂ. ಶೇಷಾದ್ರಿಯವರು 1959ರಲ್ಲಿ ಉತ್ಖನನ ಆರಂಭಿಸಿ ನವಶಿಲಾಯುಗದ ನೆಲೆಯೊಂದನ್ನು ಬಯಲಿಗೆ ತಂದರು. ಅದರ ವರದಿ 1971ರಲ್ಲಿ ಅಚ್ಚಾಯಿತು. ಅಗೆದ ಗುಂಡಿ ಮುಚ್ಚಿಹೋಗುತ್ತದೆ. ಮುಂದಿನವರ ಕೈಗೆ ಸಿಗುವುದು ವರದಿ ಮಾತ್ರ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಸಿಕ್ಕಿದ್ದು 1905ರಲ್ಲಿ. 1909ರಲ್ಲಿ ಮೂಲಪಾಠ, 1915ರಲ್ಲಿ ಇಂಗ್ಲಿಷ್ ಅನುವಾದ ಹೊರಬಂದವು. ಅವರಂತೆ ಹಂತಹಂತವಾಗಿ ಹೊರತನ್ನಿ.

3. ದುಡಿದವರ ಹೆಸರು ಹಾಕಿ. ಸೋಮನಾಥಪುರದ ಕೇಶವ ದೇವಾಲಯ 1258ರದು. ಕಟ್ಟಿಸಿದ ಸೋಮನಾಥ ದಂಡನಾಯಕನ ಹೆಸರು ಊರಿಗೇ ಇದೆ. ಆದರೆ ಹೊರಗೋಡೆಯ ಮೂರ್ತಿಗಳ ಪೀಠವನ್ನು ಬಗ್ಗಿ ನೋಡಿ: ಕೆತ್ತಿದ ಮಲ್ಲಿತಮ್ಮ, ಚೌಡೆಯ ಮೊದಲಾದವರ ಹೆಸರುಗಳು ಕಲ್ಲಿನಲ್ಲಿವೆ. ನಿಮ್ಮ ಲೇಖನದಲ್ಲೂ ಅದೇ ನ್ಯಾಯ ನಡೆಯಲಿ. ಮಾದರಿ ಸಂಗ್ರಹಿಸಿದ ಕಿರಿಯರು, ಪ್ರಯೋಗಾಲಯದ ಸಹಾಯಕರು, ದಾರಿ ತೋರಿದ ಊರಿನವರು ಯಾರನ್ನೂ ಬಿಡಬೇಡಿ. ಯಾರ ಹೆಸರು ಮೊದಲು, ಯಾರದು ಆಮೇಲೆ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಮಾತಾಡಿಕೊಳ್ಳಿ.

4. ಕಾಲ ಮತ್ತು ಹಣದ ಲೆಕ್ಕ ಇಡಿ. ಯುಜಿಸಿಯ 2022ರ ನಿಯಮದಂತೆ ಪಿಎಚ್‌.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷ. ಮಹಿಳೆಯರು ಗರಿಷ್ಠ 2 ವರ್ಷದ ಹೆಚ್ಚುವರಿ ಅವಧಿ ಪಡೆಯಬಹುದು. ಹೆರಿಗೆ, ಶಿಶುಪಾಲನೆಗೆ 240 ದಿನಗಳವರೆಗೆ ರಜೆಯೂ ಉಂಟು. ಫೆಲೋಶಿಪ್ ಹಣ ತಡವಾಗಿ ಬರುವುದುಂಟು. ಕೆಲವು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಳ್ಳಿ.

5. ಮಾರ್ಗದರ್ಶಕರನ್ನು ವಿಚಾರಿಸಿ ಆರಿಸಿಕೊಳ್ಳಿ. ಅವರ ಹಿಂದಿನ ವಿದ್ಯಾರ್ಥಿಗಳನ್ನು ಕಂಡು, ಎಷ್ಟು ವರ್ಷದಲ್ಲಿ ಮುಗಿಯಿತು, ಈಗ ಎಲ್ಲಿದ್ದೀರಿ ಎಂದು ಕೇಳಿ. ಹೆಸರು ನೋಡಿ ಹೋಗಬೇಡಿ, ನಡತೆ ನೋಡಿ ಹೋಗಿ.

ಮಾಡಬಾರದ್ದು

1. ನಕಲು ಮಾಡಬೇಡಿ. ಯುಜಿಸಿಯ 2018ರ ನಿಯಮದ ಪ್ರಕಾರ ಮಹಾಪ್ರಬಂಧದಲ್ಲಿ ಶೇ 60ಕ್ಕಿಂತ ಹೆಚ್ಚು ನಕಲು ಕಂಡರೆ ನೋಂದಣಿಯೇ ರದ್ದು. ಶೇ 40ರಿಂದ 60ರವರೆಗಿದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಸಲ್ಲಿಸುವಂತಿಲ್ಲ. ಶೇ 10ರೊಳಗೆ ದಂಡನೆ ಇಲ್ಲ ಎಂದು ಅಷ್ಟನ್ನು ಕದಿಯುವುದೂ ಕಳ್ಳತನವೇ.

2. ದುಡ್ಡು ಕೊಟ್ಟು ವಾರದೊಳಗೆ ಅಚ್ಚು ಹಾಕಿಸಬೇಡಿ. ವಿಮರ್ಶೆಯಿಲ್ಲದೆ ಬಂದ ಲೇಖನ ಸಂದರ್ಶನದ ದಿನ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಹಣಕ್ಕೆ ಮಹಾಪ್ರಬಂಧ ಬರೆದುಕೊಡುವವರ ಬಾಗಿಲು ತುಳಿಯಲೇಬೇಡಿ.

3. ಊಹೆಗೆ ಒಗ್ಗದ ಅಂಕಿಯನ್ನು ಕೈಬಿಡಬೇಡಿ. ಹೊಸದು ಏನಾದರೂ ಸಿಕ್ಕುವುದಿದ್ದರೆ ಅಲ್ಲೇ ಸಿಗುತ್ತದೆ.

4. ಸ್ಮಾರಕಕ್ಕೆ ಕೈ ಹಚ್ಚಬೇಡಿ. ಅಕ್ಷರ ಎದ್ದು ಕಾಣಲೆಂದು ಶಾಸನದ ಮೇಲೆ ಸೀಮೆಸುಣ್ಣ ಬಳಿಯುವುದು, ಎಣ್ಣೆ ಸವರುವುದು ಕೂಡದು. ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಕೇಶವ ದೇವಾಲಯ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ, 2023ರಿಂದ ವಿಶ್ವ ಪರಂಪರೆಯ ತಾಣವೂ ಹೌದು. ಅನುಮತಿಯಿಲ್ಲದೆ ಕೆಲಸಕ್ಕೆ ಇಳಿಯಬೇಡಿ.

5. ಮಾರ್ಗದರ್ಶಕರ ಮನೆಗೆಲಸವನ್ನು ಗುರುಸೇವೆ ಎಂದುಕೊಳ್ಳಬೇಡಿ. ಗೌರವ ಬೇರೆ, ಜೀತ ಬೇರೆ. ಲೈಂಗಿಕ ಕಿರುಕುಳವಾದರೆ ದಿನಾಂಕ ಸಮೇತ ಬರೆದಿಟ್ಟು ಆಂತರಿಕ ದೂರು ಸಮಿತಿಗೆ ಕೊಡಿ.

6. ತಿರಸ್ಕಾರ ಬಂತೆಂದು ಒಬ್ಬರೇ ಕೂತು ಕೊರಗಬೇಡಿ. ವಿಮರ್ಶಕರ ಆಕ್ಷೇಪಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಉತ್ತರ ಬರೆದು, ತಿದ್ದಿ ಮತ್ತೆ ಕಳಿಸಿ. ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ ವೈದ್ಯರನ್ನು ಕಾಣಿ. ಮನೆಯವರ ಮುಂದೆ ಬಾಯಿ ಬಿಟ್ಟು ಹೇಳಿ.

ಈ ವೃತ್ತಿಯಲ್ಲಿ ಕೆಲಸ ಸಿಗುವುದು ತಡವಾಗಬಹುದು, ಕಾಯಂ ಆಗುವುದು ಇನ್ನೂ ತಡವಾಗಬಹುದು. ಅಡ್ಡದಾರಿಯಲ್ಲಿ ಬಂದ ಪದವಿಯನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ ಪ್ರಶ್ನಿಸಬಹುದು; ನೇರವಾಗಿ ಮಾಡಿದ ಕೆಲಸಕ್ಕೆ ಆ ಭಯವಿಲ್ಲ. ಈಗಾಗಲೇ ಈ ಹಾದಿಯಲ್ಲಿರುವ ಹಿರಿಯರಲ್ಲಿ ಒಂದು ವಿನಂತಿ: ನಿಮ್ಮ ಊರಿನಿಂದ ಬಂದ ಒಬ್ಬ ಹೊಸ ವಿದ್ಯಾರ್ಥಿಯನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೆಲ್ಲ ಹೇಳಿಕೊಡಿ.