ಬೇಟೆಯ ಮೀನು ಯಾರಿಗೆ ಅಂಜುತ್ತದೆ? ತಿದ್ದಿಕೊಂಡ ಒಂದು ಪಾಠ

ಹತ್ತನೆಯ ತರಗತಿಯ ‘ನಮ್ಮ ಪರಿಸರ’ ಘಟಕದಲ್ಲಿ ಆಹಾರ ಸರಪಳಿ ಬೋಧಿಸಲು ಹುಲ್ಲು, ಜಿಂಕೆ, ಹುಲಿಯನ್ನು ಬಿಟ್ಟು ಬಾರಕುಡಾ ಮೀನನ್ನು ಆರಿಸಿಕೊಂಡೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಹವಳವಿರುವ ನೀರಿನಲ್ಲಿ ಸ್ಕೂಬಾ ಡೈವಿಂಗ್ ಮಾಡುವವರು ಇದನ್ನು ಕಾಣುತ್ತಾರೆ. ಉದ್ದ ದೇಹ, ಮುಂದೆ ಚಾಚಿದ ಕೆಳದವಡೆ, ಚೂರಿಯಂಥ ಹಲ್ಲು, ದೂರದೂರವಿರುವ ಎರಡು ಬೆನ್ನಿನ ಈಜುರೆಕ್ಕೆ: ಇಷ್ಟನ್ನು ಚಾರ್ಟಿನಲ್ಲಿ ಬರೆದು, ಪಕ್ಕದಲ್ಲಿ ನೂರಾರು ಮೀನು ಒಟ್ಟಿಗೆ ಈಜುವ ಚಿತ್ರ ಅಂಟಿಸಿದ್ದೆ.

ಬೆಳಗಾವಿ ನಗರದ ಶಾಲೆಯಲ್ಲಿ ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು. ಯಾರೂ ಏನೂ ಕೇಳಲಿಲ್ಲ. ಅದನ್ನೇ ಯಶಸ್ಸೆಂದುಕೊಂಡೆ.

ಖಾನಾಪುರದಲ್ಲಿ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಟೀಚರ್, ಇದು ಬ್ಯಾಟಿ ಮಾಡೊ ಮೀನ ಅಂದ್ರಿ. ಮತ್ತ ಯಾರಿಗೆ ಅಂಜಿ ಗುಂಪು ಕಟ್ಟೈತ್ರಿ?”

“ಅಂಜಿ ಅಲ್ಲ, ಕೆನ್ನಾಯಿಗಳ ಹಾಗೆ ಕೂಡಿ ಬೇಟೆಯಾಡಲು” ಎಂದುಬಿಟ್ಟೆ. ಭೀಮಗಡದ ಕಾಡು ಅದೇ ತಾಲ್ಲೂಕಿನದು, ಮಕ್ಕಳು ತಲೆಯಾಡಿಸಿದರು. ಉದಾಹರಣೆ ಎಷ್ಟು ಚೆನ್ನಾಗಿ ಹೊಂದಿತೆಂದರೆ ನನಗೂ ಅನುಮಾನ ಬರಲಿಲ್ಲ.

ಸಂಜೆ ಓದಿದಾಗ ತಪ್ಪು ತಿಳಿಯಿತು. ನನ್ನ ಚಿತ್ರದಲ್ಲಿದ್ದುದು ಕಪ್ಪುರೆಕ್ಕೆಯ ಬಾರಕುಡಾ (ಸ್ಫೈರೀನಾ ಕೀನಿ). ಇವು ಹಗಲು ಗುಂಪಾಗಿ ನಿಧಾನ ಸುತ್ತುತ್ತವೆ. ರಾತ್ರಿ ಚದುರಿ ಬೇಟೆಗೆ ಹೋಗುತ್ತವೆ. ದೊಡ್ಡ ಬಾರಕುಡಾ ಎಂಬ ಇನ್ನೊಂದು ಪ್ರಭೇದದ ಬೆಳೆದ ಮೀನು ಸಾಮಾನ್ಯವಾಗಿ ಒಂಟಿ. ಬೇಟೆಗಾರನಾದರೂ ಶಾರ್ಕಿನಂಥ ದೊಡ್ಡ ಮೀನುಗಳಿಗೆ ಬಾರಕುಡಾ ಆಹಾರವೇ. ಹುಡುಗಿಯ ಪ್ರಶ್ನೆಯಲ್ಲೇ ಉತ್ತರವಿತ್ತು!

ಮಾರ್ಗದರ್ಶಕ ಶಿಕ್ಷಕರು ಹಿಂದೆ ಕುಳಿತು ವೀಕ್ಷಣಾ ನಮೂನೆ ತುಂಬುವ ದಿನವೇ ತಪ್ಪೊಪ್ಪಿಕೊಳ್ಳಬೇಕಾಯಿತು. ಅಂಕ ಹೋದೀತೆಂಬ ಅಂಜಿಕೆಯಿತ್ತು. “ನಿನ್ನೆ ನಾನು ಹೇಳಿದ್ದು ತಪ್ಪು” ಎಂದು ಆರಂಭಿಸಿದೆ. ತರಗತಿ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

ಆಮೇಲೆ ಆ ಹುಡುಗಿಯನ್ನೇ ಮುಂದೆ ಕರೆದು ಒಂದು ಹುಣಸೆಬೀಜ ಎಸೆದೆ, ಹಿಡಿದಳು. ಹತ್ತನ್ನು ಒಟ್ಟಿಗೆ ಎಸೆದೆ; ಒಂದೂ ಸಿಗಲಿಲ್ಲ. “ಯಾವ್ದ ಹಿಡೀಬೇಕಂತ ತಿಳೀಲಿಲ್ರಿ” ಎಂದಳು. ಗುಂಪಿನ ಮೇಲೆ ಎರಗುವ ಬೇಟೆಗಾರನಿಗೂ ಹೀಗೆಯೇ ಗುರಿ ತಪ್ಪುತ್ತದೆ. ಇದಕ್ಕೆ ಗೊಂದಲ ಪರಿಣಾಮ ಎನ್ನುತ್ತಾರೆ. ಗುಂಪಿನ ಮೀನುಗಳು ಕಣ್ಣಿನಿಂದಲೂ, ನೀರಿನ ಅಲುಗಾಟ ಗ್ರಹಿಸುವ ಪಾರ್ಶ್ವರೇಖೆಯಿಂದಲೂ ಅಂತರ ಕಾಯ್ದುಕೊಳ್ಳುತ್ತವೆ ಎಂಬುದನ್ನು ಚಿತ್ರ ಬರೆದು ತೋರಿಸಿದೆ.

ಕೊನೆಗೆ ಸರಪಳಿಯನ್ನು ಮಕ್ಕಳೇ ಹಲಗೆಯ ಮೇಲೆ ಬರೆದರು. ಬಾರಕುಡಾದ ಮುಂದೆ ನಾನು ಹಿಂದಿನ ದಿನ ಬಿಟ್ಟಿದ್ದ ಬಾಣದ ಗುರುತನ್ನು ಆಕೆಯೇ ಹಾಕಿ, ‘ಶಾರ್ಕ್’ ಎಂದು ಬರೆದಳು. ಪಾಠ ಯೋಜನೆಯ ‘ನಿರೀಕ್ಷಿತ ಪ್ರಶ್ನೆಗಳು’ ಅಂಕಣದಲ್ಲಿ ಈಗ ಮೊದಲು ಅವಳ ಪ್ರಶ್ನೆಯಿದೆ.