ಹಸಿವೂ ದೇಹದ ಜಮಾಖರ್ಚೂ

ಏಕಾದಶಿಯ ದಿನ ನಿರಾಹಾರವಿರುವ ಅಜ್ಜಿಯು ಸಂಜೆಯವರೆಗೂ ಮನೆಗೆಲಸದಲ್ಲಿ ತೊಡಗಿರುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಹೊಟ್ಟೆಗೆ ಏನೂ ಬೀಳದ ಆ ದಿನ ಹೃದಯ ಮಿಡಿಯಲು, ಕೈಕಾಲು ಆಡಲು ಬೇಕಾದ ಶಕ್ತಿಯು ಎಲ್ಲಿಂದ ಬಂದಿತು?

ಆಹಾರದ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಅಳೆಯುವುದು ವಾಡಿಕೆ. ಒಂದು ಗ್ರಾಂ ಪಿಷ್ಟದಿಂದ ಇಲ್ಲವೆ ಪ್ರೋಟೀನಿನಿಂದ ಸುಮಾರು 4, ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ ದೊರೆಯುವುದು. ಉಂಡುದರಲ್ಲಿ ವ್ಯಯವಾಗದೆ ಉಳಿದುದನ್ನು ದೇಹವು ಕೂಡಿಡುತ್ತದೆ. ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ದಿನದ ಚಿಲ್ಲರೆ ಇರುವಂತೆ ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್ ಇರುತ್ತದೆ. ಅದು ಹೆಚ್ಚುಕಡಿಮೆ ಒಂದು ದಿನಕ್ಕೆ ಸಾಕು. ಬ್ಯಾಂಕಿನ ಠೇವಣಿಯೆಂದರೆ ಚರ್ಮದ ಕೆಳಗೂ ಉದರದೊಳಗೂ ಇರುವ ಕೊಬ್ಬು. ಅಜ್ಜಿಯು ಆ ದಿನ ಈ ಎರಡರಿಂದಲೂ ಪಡೆದು ವ್ಯಯಮಾಡಿದರು.

ಒಂದು ಕಿಲೋಗ್ರಾಂ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ಹತ್ತು ಕಿಲೋಗ್ರಾಂ ಕೊಬ್ಬುಳ್ಳವನು ದಿನಕ್ಕೆ 2,000 ಕ್ಯಾಲೊರಿಯಂತೆ ವ್ಯಯಮಾಡಿದರೆ 38 ದಿನ ಬಾಳಬಹುದೆಂದು ಲೆಕ್ಕ ಹಾಕಬಹುದು. ಆದರೆ ದೇಹವು ಲೆಕ್ಕ ಬರೆಯುವ ಬರಿಯ ಗುಮಾಸ್ತನಲ್ಲ. ವರಮಾನ ಕುಗ್ಗಿದೊಡನೆ ಖರ್ಚನ್ನೂ ಕುಗ್ಗಿಸುವ ಗೃಹಿಣಿ. ಅಲ್ಲದೆ ಮೆದುಳು ಕೊಬ್ಬನ್ನು ನೇರವಾಗಿ ಉರಿಸಲಾರದು. ಅದಕ್ಕೆ ಬೇಕಾದ ಸಕ್ಕರೆಗಾಗಿ ಮೊದಲ ದಿನಗಳಲ್ಲಿ ಸ್ನಾಯುಗಳು ಕರಗುತ್ತವೆ. ಅನಂತರ ಯಕೃತ್ತು ಕೊಬ್ಬಿನಿಂದ ಕೀಟೋನುಗಳೆಂಬ ಪದಾರ್ಥಗಳನ್ನು ತಯಾರಿಸಿ ಮೆದುಳಿಗೆ ಒದಗಿಸುತ್ತದೆ. ಆಗ ಸ್ನಾಯುನಷ್ಟವು ತಗ್ಗುವುದೇ ಹೊರತು ನಿಲ್ಲುವುದಿಲ್ಲ.

ಇದನ್ನು ಬಹು ಸ್ಪಷ್ಟವಾಗಿ ತೋರಿಸಿದುದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಪ್ರಯೋಗ. ಎರಡನೆಯ ಮಹಾಯುದ್ಧದಿಂದ ಯೂರೋಪಿನಲ್ಲಿ ಹಸಿದವರಿಗೆ ಹೇಗೆ ಉಣಬಡಿಸಬೇಕೆಂಬುದನ್ನು ಅರಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944ರಲ್ಲಿ ಇದನ್ನು ಆರಂಭಿಸಿದರು. ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲೆವೆಂದಿದ್ದ 36 ಮಂದಿ ಯುವಕರು ಸ್ವಇಚ್ಛೆಯಿಂದ ಹಸಿಯಲು ಮುಂದೆ ಬಂದರು. 1945ರಲ್ಲಿ 24 ವಾರಗಳ ಕಾಲ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲೊರಿ ಮಾತ್ರ. ಆಲೂಗೆಡ್ಡೆ, ಗೋಸಿನಂತಹ ಗೆಡ್ಡೆಗಳು, ಕಂದು ರೊಟ್ಟಿ. ವಾರಕ್ಕೆ 35 ಕಿಲೋಮೀಟರ್ ನಡಿಗೆ ಕಡ್ಡಾಯ.

ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಸುಮ್ಮನೆ ಮಲಗಿರುವಾಗ ದೇಹ ಮಾಡುವ ವ್ಯಯವು ಶೇಕಡ 40ರಷ್ಟು ತಗ್ಗಿತು! ನಾಡಿ ನಿಧಾನವಾಯಿತು, ಬೇಸಗೆಯಲ್ಲೂ ಚಳಿ, ಕಾಲುಗಳಲ್ಲಿ ಬಾವು. ಮೆಟ್ಟಿಲೇರುವುದೂ ಪ್ರಯಾಸವೆನಿಸಿತು. ಇನ್ನೂ ವಿಚಿತ್ರವಾದುದು ಮನಸ್ಸಿನ ಸ್ಥಿತಿ. ಲವಲವಿಕೆಯ ತರುಣರು ನಗೆಯನ್ನು ಮರೆತರು, ಕಿರಿಕಿರಿಗೊಂಡರು, ತಟ್ಟೆಯನ್ನು ನೆಕ್ಕಿದರು. ಕೆಲವರು ಅಡಿಗೆಯ ಪುಸ್ತಕಗಳನ್ನು ಸಂಗ್ರಹಿಸಿ ಓದತೊಡಗಿದರು. ಅರೆಹೊಟ್ಟೆಯ ಕೂಲಿಯವನನ್ನು ಸೋಮಾರಿಯೆಂದೂ ಸಿಡುಕನೆಂದೂ ಜರೆಯುವವರು ಈ ಪ್ರಯೋಗವನ್ನು ಅರಿಯುವುದೊಳ್ಳೆಯದು. ಇಲ್ಲಿದ್ದವರು ಆರೋಗ್ಯವಂತರೂ ದೃಢಮನಸ್ಕರೂ ಎಂದು ಪರೀಕ್ಷಿಸಿ ಆಯ್ದವರು.

ದೇಹಕ್ಕೆ ತನ್ನ ಠೇವಣಿಯ ಸುದ್ದಿ ಹೇಗೆ ತಿಳಿಯುವುದು? 1994ರಲ್ಲಿ ಜೆಫ್ರಿ ಫ್ರೀಡ್ಮನ್ ಮತ್ತು ಸಂಗಡಿಗರ ಶೋಧನೆಯಿಂದ ಇದಕ್ಕೆ ಒಂದು ಉತ್ತರ ದೊರೆಯಿತು. ಕೊಬ್ಬಿನ ಕಣಗಳು ಲೆಪ್ಟಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಕೊಬ್ಬು ಕರಗಿದಂತೆ ಅದೂ ಇಳಿದು, ಮೆದುಳು ಹಸಿವನ್ನು ಕೆರಳಿಸುವುದು. ದಿನವೂ ವ್ಯಯಕ್ಕಿಂತ ಕೊಂಚ ಹೆಚ್ಚು ಉಂಡು ಬೊಜ್ಜು ಬೆಳೆದವರಲ್ಲಿ ಲೆಪ್ಟಿನ್ ಹೇರಳವಾಗಿದ್ದರೂ ಮೆದುಳು ಅದಕ್ಕೆ ಸರಿಯಾಗಿ ಕಿವಿಗೊಡುವುದಿಲ್ಲ. ತೆಳ್ಳಗಾಗಲು ಊಟವನ್ನೇ ಬಿಡುವವರು ಬಹುಬೇಗ ಸೋಲುವುದು ಮನೋದೌರ್ಬಲ್ಯವೊಂದರಿಂದಲೇ ಅಲ್ಲ.

ಮಿನೆಸೋಟದ ತರುಣರಿಗೆ ಮತ್ತೆ ಹೊಟ್ಟೆ ತುಂಬ ಊಟ ದೊರೆತಾಗ ಕೆಲವರು ದಿನಕ್ಕೆ 5,000 ಕ್ಯಾಲೊರಿಗೂ ಮೀರಿ ಉಂಡರು. ಆದರೂ ಹಸಿವು ತೀರಲಿಲ್ಲ. ಕೊಬ್ಬು ಬೇಗನೆ ಮರಳಿ ಮೊದಲಿಗಿಂತಲೂ ಹೆಚ್ಚಾಯಿತು. ಸ್ನಾಯುಗಳು ತುಂಬಿಕೊಳ್ಳಲು ಮಾತ್ರ ಹಲವು ತಿಂಗಳು ಹಿಡಿಯಿತು.